ಒಣ ಕೋಣೆ

ನನ್ನ ಹೊಲಿಗೆ ಯಂತ್ರ ಇರುವುದು ಕಿಟಕಿಯ ಪಕ್ಕ. ಕಿಟಕಿಯಾಚೆ ಒಂದು ಮೋಟು ಗೋಡೆ, ಗೋಡೆಯಾಚೆ ಪಕ್ಕದ ಮನೆಯವರ ಹಿತ್ತಲು. ಕಣ್ಣು ಸೂಜಿಯ ಮೇಲಿದ್ದಾಗ ಕಿವಿಗೆ ಕೆಲಸವಿರುವುದಿಲ್ಲ, ಅದು ಗೋಡೆ ಹಾರಿ ಹೋಗಿ ಕೂರುತ್ತದೆ. ಹಾಗಾಗಿ ಅಕ್ಕನ ವಿಷಯ ನನಗೆ ಗೊತ್ತಿರುವಷ್ಟು ಅವಳ ಒಡಹುಟ್ಟಿದವನಿಗೂ ಗೊತ್ತಿಲ್ಲ. ಗೊತ್ತಿದ್ದರೂ ಗೊತ್ತಿಲ್ಲದವನ ಹಾಗೆ ಇದ್ದುಬಿಡುವುದು ಅವನಿಗೆ ರೂಢಿ.

ಅಕ್ಕ ಎಂದರೆ ನನ್ನ ಅಕ್ಕನಲ್ಲ, ಪಕ್ಕದ ಮನೆಯವನ ಅಕ್ಕ. ಬೀದಿಯವರೆಲ್ಲ ಹಾಗೇ ಕರೆಯುತ್ತೇವೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ರೋಗಿಗಳ ಹಾಸಿಗೆ ಬಟ್ಟೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಆಯಸ್ಸು ಸವೆಸಿದವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಆಸ್ಪತ್ರೆಯವರು ಲಾಂಡ್ರಿಯನ್ನು ಹೊರಗಿನವರಿಗೆ ವಹಿಸಿ, ಕೆಲಸದವರ ವಸತಿ ಕೋಣೆಗಳನ್ನು ಬಿಡಿಸಿಕೊಂಡಾಗ ಒಂದು ಟ್ರಂಕು, ಒಂದು ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡು ತಮ್ಮನ ಬಾಗಿಲಿಗೆ ಬಂದಳು. ಅದು ಅವಳು ಹುಟ್ಟಿ ಬೆಳೆದ ಮನೆಯೇ. ಆದರೆ ತಾಯಿ ಇರುವವರೆಗೆ ತವರು ಎನ್ನುತ್ತಾರಲ್ಲ, ತಾಯಿ ಹೋಗಿ ಬಹಳ ಕಾಲವಾಗಿತ್ತು.

ತಮ್ಮ ಒಳ್ಳೆಯವನು ಎಂದು ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ಕುಡಿಯುವುದಿಲ್ಲ, ಕೂಗಾಡುವುದಿಲ್ಲ. ಗೋದಾಮಿನಲ್ಲಿ ಅವನದು ಪ್ಯಾಕಿಂಗ್ ಕೆಲಸ. ಫ್ರಿಜ್ಜು, ಸೋಫಾ, ಗಾಜಿನ ಬೀರು, ಏನೇ ಬರಲಿ, ಪ್ಲಾಸ್ಟಿಕ್ ಸುತ್ತಿ, ಟೇಪು ಬಿಗಿದು, ಇರುವೆ ಕೂಡ ನುಸುಳದ ಹಾಗೆ ಕಟ್ಟಿ ಲಾರಿಗೆ ಏರಿಸುತ್ತಾನೆ. ನಾನು ಅವನನ್ನು ಮನಸ್ಸಿನಲ್ಲೇ ಪ್ಯಾಕಿಂಗಪ್ಪ ಎಂದು ಕರೆಯುತ್ತೇನೆ. ಅವನ ಹೆಂಡತಿ ಬಹಳ ಅಚ್ಚುಕಟ್ಟಿನವಳು, ಬಾಯಿ ಬಿಟ್ಟರೆ ಸಕ್ಕರೆ. ಅಕ್ಕನನ್ನು ಒಂದು ದಿನವೂ ಏಕವಚನದಲ್ಲಿ ಮಾತಾಡಿಸಿದವಳಲ್ಲ.

ನಮ್ಮಲ್ಲಿ ಚಳಿಗಾಲ ಉದ್ದ, ಮಳೆಯೂ ಅದರ ಜೊತೆಗೇ ಬರುತ್ತದೆ. ಮನೆ ಬೆಚ್ಚಗಿಡಲು ಈಗ ಎಲ್ಲರೂ ಸೌದೆ ಬಿಟ್ಟು ಗುಳಿಗೆ ಒಲೆ ಇಟ್ಟುಕೊಂಡಿದ್ದಾರೆ. ಮರದ ಹೊಟ್ಟನ್ನು ಯಂತ್ರದಲ್ಲಿ ಒತ್ತಿ ಮಾಡಿದ, ಕಿರುಬೆರಳಿಗಿಂತ ಸಣ್ಣ ತುಂಡುಗಳು. ಅಂಗಡಿಯವರು ಪೆಲೆಟ್ ಎನ್ನುತ್ತಾರೆ, ನಾವು ಗುಳಿಗೆ ಎನ್ನುತ್ತೇವೆ. ಚಳಿಗೆ ಮುಂಚೆ ಲಾರಿಯಲ್ಲಿ ಮೂಟೆಗಟ್ಟಲೆ ಬಂದು ಬೀಳುತ್ತವೆ. ಒಣಗಿದ್ದರೆ ಬಂಗಾರ. ನೀರು ತಗುಲಿತೋ, ಉಬ್ಬಿ ಒಡೆದು ಮತ್ತೆ ಹೊಟ್ಟಾಗಿಬಿಡುತ್ತವೆ. ಆ ಹೊಟ್ಟು ಒಲೆಯ ಗಂಟಲಿಗೆ ಕಚ್ಚಿಕೊಂಡರೆ ಒಲೆಯೂ ಕೆಟ್ಟಿತು, ಮನೆಯೂ ತಣ್ಣಗಾಯಿತು.

ಆ ಮನೆಯ ಹಿಂಬಾಗಿಲ ಪಕ್ಕ ಒಂದು ಸಣ್ಣ ಕೋಣೆಯಿದೆ. ಒಲೆಯ ಹೊಗೆ ಕೊಳವೆ ಅದರ ಗೋಡೆಯನ್ನು ತಾಗಿಕೊಂಡೇ ಮೇಲೆ ಹೋಗುವುದರಿಂದ ಮನೆಯಲ್ಲೆಲ್ಲ ಒಣಗಿರುವ ಕೋಣೆ ಅದೇ. ಮೂಟೆಗಳು ಇರುತ್ತಿದ್ದುದು ಅಲ್ಲಿ. ಅಕ್ಕ ಬಂದಾಗ ಬೇರೆ ಜಾಗವಿರಲಿಲ್ಲ. ತಮ್ಮ ತಾನೇ ಮೂಟೆಗಳನ್ನು ಹಿತ್ತಲಿಗೆ ಹೊತ್ತು ಹಾಕಿ, ಕೋಣೆ ಗುಡಿಸಿ, ಅವಳಿಗೆ ಮಂಚ ಹಾಕಿಕೊಟ್ಟ. ಅಷ್ಟು ಮಾಡಿದ್ದನ್ನು ನಾನು ಇಲ್ಲವೆನ್ನುವುದಿಲ್ಲ. ಆಮೇಲೆ ಮೂಟೆಗಳನ್ನು ನೆಲದ ಮೇಲೇ ಒಟ್ಟಿ, ಗೋದಾಮಿನ ಪ್ಲಾಸ್ಟಿಕ್ ತಂದು ಸುತ್ತಿ, ಬುಡದಿಂದ ತುದಿಯವರೆಗೆ ಟೇಪು ಬಿಗಿದ. ಗಾಳಿಗೂ ದಾರಿ ಬಿಡಲಿಲ್ಲ. ದೂರ ನಿಂತು ನೋಡಿ, “ಪ್ರಳಯ ಬಂದ್ರೂ ಇದಕ್ಕೆ ಏನೂ ಆಗಲ್ಲ” ಅಂದ.

ಪ್ರಳಯ ಬರಬೇಕಾಗಿರಲಿಲ್ಲ. ನೆಲದ ತೇವ ಮೇಲೇರಿತು, ಹೊರಗೆ ಹೋಗಲು ದಾರಿಯಿಲ್ಲದೆ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಬೆವರಿನಂತೆ ಕೂತಿತು, ಅಲ್ಲಿಂದ ಹನಿಹನಿಯಾಗಿ ಮೂಟೆಗಳ ಮೇಲೇ ಬಿತ್ತು. ನಡು ಚಳಿಗಾಲದಲ್ಲಿ ಬಿಚ್ಚಿದಾಗ ಹುಳಿ ವಾಸನೆ ನನ್ನ ಕಿಟಕಿಯವರೆಗೆ ಬಂತು. ಅರ್ಧಕ್ಕರ್ಧ ಮೂಟೆಗಳು ಗಂಜಿಯಾಗಿದ್ದವು. ಸುತ್ತಿದವನು ಅವನು, ಕೆಡಿಸಿದ್ದು ಅವನ ಬಿಗಿತ. ಆದರೆ ಕುಣಿಯಲಾರದವಳಿಗೆ ನೆಲ ಡೊಂಕು.

“ಪಾಪ, ಅತ್ತಿಗೆ ಬರೋ ಮುಂಚೆ ಒಂದು ಮೂಟೆನೂ ಹಾಳಾಗಿರಲಿಲ್ಲ,” ಎಂದಳು ಹೆಂಡತಿ, ಯಾರನ್ನೂ ಬೈಯದ ದನಿಯಲ್ಲಿ.

ತಮ್ಮ ಹೊಟ್ಟನ್ನು ಸಲಿಕೆಯಿಂದ ಎತ್ತುತ್ತ ಹೇಳಿದ: “ಮುಂದಿನ ಸಲನೂ ಹೀಗಾದ್ರೆ ಮೂಟೆ ಒಳಗೇ ಇಡಬೇಕಾಗುತ್ತೆ ಅಕ್ಕ. ನಿಂಗೆ ಬೇರೆ ಏನಾದ್ರೂ ನೋಡೋಣ.”

ಬೇರೆ ಏನು, ಎಲ್ಲಿ ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಮೂಟೆ ಹೊರಗೆ ಒಣಗಿದ್ದರೆ ಅವಳು ಒಳಗೆ, ಇಷ್ಟೇ ಒಪ್ಪಂದ. ಮರುದಿನ ಬೆಳಗ್ಗೆ ಅಕ್ಕ ಸೆರಗು ಬಿಗಿದುಕೊಂಡು ಹಿತ್ತಲಿಗೆ ಇಳಿದಳು.

ಅವಳೇನು ಹುಟ್ಟುತ್ತಲೇ ಗುಳಿಗೆ ಪಂಡಿತಳಲ್ಲ. ಮೊದಲು ಹಲಗೆಗಳ ಮೇಲೆ ಒಟ್ಟಿದಳು, ಆದರೆ ಗೋಡೆಗೆ ಆತು ಒಟ್ಟಿದಳು. ಗೋಡೆ ಬೆವರಿ ಹಿಂದಿನ ಸಾಲು ಕೆಟ್ಟಿತು. ಕೆಟ್ಟ ಮೂಟೆಯನ್ನು ಯಾರೂ ನೋಡುವ ಮೊದಲೇ ನನ್ನ ತೋಟಕ್ಕೆ ಗೋಡೆಯ ಮೇಲಿಂದ ಸುರಿದು, “ಗಿಡಗಳ ಬುಡಕ್ಕೆ ಹಾಕು ಟೈಲರಮ್ಮ, ಬಾಯಿ ಬಿಡಬೇಡ,” ಎಂದಳು. ಆಮೇಲೆ ಸರಿಹೋಯಿತು. ಲಾರಿಯವರು ಬಿಟ್ಟುಹೋಗುವ ಮರದ ಚೌಕಟ್ಟುಗಳನ್ನು ಇಟ್ಟಿಗೆಯ ಮೇಲೆ ಕೂರಿಸಿ ಅಟ್ಟಣೆ ಮಾಡಿದಳು. ಗೋಡೆಗೂ ಮೂಟೆಗೂ ನಡುವೆ ಒಬ್ಬರು ಅಡ್ಡವಾಗಿ ನುಸುಳುವಷ್ಟು ಜಾಗ ಬಿಟ್ಟಳು. ನೀರು ಮಡುಗಟ್ಟದೆ ಎರಡೂ ಕಡೆ ಜಾರಲೆಂದು ನಡುವೆ ಬಿದಿರ ಗಳು ಇಟ್ಟು, ಮೇಲೆ ಹೊದಿಸಿದ ಟಾರ್ಪಾಲಿಗೆ ಸೂರಿನಂತೆ ಇಳಿಜಾರು ಕೊಟ್ಟಳು.

ಆ ಟಾರ್ಪಾಲು ಹೊಲಿದವಳು ನಾನು. ಎರಡು ಲಾರಿ ಟಾರ್ಪಾಲು ಜೋಡಿಸಿ, ಹೊಲಿಗೆಯ ಮೇಲೆ ಮೇಣ ಉಜ್ಜಿ, ಅಂಚಿಗೆ ಇಮ್ಮಡಿ ಪಟ್ಟಿ ಕೊಟ್ಟು ಹಗ್ಗ ಪೋಣಿಸುವ ಕಣ್ಣು ಕೂರಿಸಿದೆ. ಮೂರು ಸೂಜಿ ಮುರಿದವು. ನೆಲ ಮುಟ್ಟುವಷ್ಟು ಉದ್ದ ಬಿಟ್ಟಿದ್ದಕ್ಕೆ ಅಕ್ಕ ವಾಪಸ್ಸು ತಂದಳು.

“ಕೆಳಗೆ ಒಂದು ಗೇಣು ಕಡಿಮೆ ಮಾಡು.”

“ಅಲ್ಲಕ್ಕ, ಎರಚಲು ಹೊಡೆಯಲ್ವಾ?”

“ಎರಚಲು ಬಂದು ಹೋಗುತ್ತೆ. ಒಳಗಿನ ಬೆವರು ಹೋಗಬೇಕಲ್ಲ? ಬಿಗಿಯಾಗಿ ಮುಚ್ಚಿದ್ರೆ ಮನುಷ್ಯರೂ ಕೊಳೀತಾರೆ, ಗುಳಿಗೆ ಯಾವ ಲೆಕ್ಕ.”

ಅಲ್ಲಿಂದ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಬೆಳಗ್ಗೆ ಟೀಗೆ ಮೊದಲು ಅಕ್ಕ ಹಿತ್ತಲಿಗೆ ಬರುವಳು. ಒಂದು ಮೂಟೆಯೊಳಗೆ ಮೊಣಕೈಯವರೆಗೆ ಕೈ ಇಳಿಸಿ, ಒಂದು ಗುಳಿಗೆ ತೆಗೆದು, ಕಿವಿಯ ಹತ್ತಿರ ಹಿಡಿದು ಮುರಿಯುವಳು. ಒಣಗಿದ ಗುಳಿಗೆ ಟಕ್ ಎನ್ನುತ್ತದೆ. ತೇವ ಹಿಡಿದದ್ದು ಸದ್ದಿಲ್ಲದೆ ಪುಡಿಯಾಗುತ್ತದೆ. ಟಕ್ ಎಂದರೆ ಅವಳ ಮುಖ ಸಡಿಲವಾಗುವುದು, ನನ್ನ ಕಿಟಕಿಯತ್ತ ನೋಡಿ ಟೀಗೆ ಹೋಗುವಳು. ಬಿಸಿಲು ಬಂದರೆ ಟಾರ್ಪಾಲು ಎತ್ತಿ ಕಟ್ಟುವಳು, ಮೋಡ ಕವಿದರೆ ಇಳಿಸುವಳು. ಲಾಂಡ್ರಿಯಲ್ಲಿ ಅಷ್ಟೊಂದು ಚಾದರ ಒಣಗಿಸಿದವಳಿಗೆ ಮೋಡದ ಜೊತೆ ಹಳೆಯ ಜಗಳ.

ಕೋಣೆಯನ್ನು ಅವಳು ಎಷ್ಟು ಹಚ್ಚಿಕೊಂಡಿದ್ದಳೆಂದರೆ ನನಗೆ ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು. ಒಂದು ಮಂಚ, ಒಂದು ಟ್ರಂಕು, ಗೂಟಕ್ಕೆ ನೇತುಹಾಕಿದ ಕೋಟು, ಕಿಟಕಿಗೆ ತಾನೇ ಇಸ್ತ್ರಿ ಮಾಡಿದ ಬಿಳಿ ಪರದೆ. ಹೊಗೆ ಕೊಳವೆಯ ಗೋಡೆಗೆ ಬೆನ್ನು ಕೊಟ್ಟು ಕೂತು, “ಆಯಸ್ಸಿನಲ್ಲಿ ಮೊದಲ ಸಲ ನನ್ನ ಬಾಗಿಲಿಗೆ ಒಳಗಿಂದ ಚಿಲಕ ಇದೆ ನೋಡು,” ಎನ್ನುತ್ತಿದ್ದಳು. ಆದರೆ ಆ ಚಿಲಕಕ್ಕಾಗಿ ಅವಳು ಊರು ಬಿಟ್ಟು ಒಂದು ಮದುವೆಗೆ ಹೋಗಲಿಲ್ಲ, ಹಳೆಯ ಗೆಳತಿಯ ಮನೆಯಲ್ಲಿ ಒಂದು ದಿನ ಉಳಿಯಲಿಲ್ಲ. ಕರೆದರೆ, “ಮಳೆ ಬಂದ್ರೆ?” ಎನ್ನುವಳು. ಮನೆಯವರೆಲ್ಲ ಇದ್ದಾರಲ್ಲ ಎಂದರೆ ನಗುವಳು. ಮನೆಯವರಿಗೆ ಬೆಚ್ಚಗಿದ್ದು ಗೊತ್ತು, ಒಣಗಿಸಿ ಗೊತ್ತಿಲ್ಲ.

ಹೋದ ವರ್ಷ ಚಳಿ ಆರಂಭವಾಗುವ ಹೊತ್ತಿಗೆ, ಲಾರಿ ಬಂದು ಹೋದ ಮೇಲೆ, ಒಂದು ಮಧ್ಯಾಹ್ನ ಬಿರುಗಾಳಿ ಎದ್ದಿತು. ಟಾರ್ಪಾಲಿನ ಒಂದು ಮೂಲೆಯ ಹಗ್ಗ ಕಿತ್ತು ಅದು ಹುಚ್ಚು ಹಿಡಿದ ಹಾಗೆ ಬಡಿದುಕೊಳ್ಳುತ್ತಿತ್ತು. ಮನೆಯೊಳಗೆ ತಮ್ಮನಿದ್ದ, ರಜೆಯ ದಿನ. ಅಕ್ಕ ಕೂಗಿದ್ದು ನನಗೆ ಕೇಳಿತು, ಅವನಿಗೆ ಟಿವಿಯ ಗಲಾಟೆಯಲ್ಲಿ ಕೇಳಲಿಲ್ಲವಂತೆ. ಅವಳೇ ಮೂಟೆಗಳ ಮೇಲೆ ಹತ್ತಿದಳು. ನಾನು ಕತ್ತರಿ ಬಿಸಾಡಿ ಓಡುವಷ್ಟರಲ್ಲಿ ಗಾಳಿ ಟಾರ್ಪಾಲನ್ನೂ ಅವಳನ್ನೂ ಒಟ್ಟಿಗೆ ಎತ್ತಿ ಕೆಳಗೆ ಹಾಕಿತ್ತು.

ಸೊಂಟದ ಮೂಳೆ ಮುರಿದಿತ್ತು. ಮುಖ ಬಿಳುಚಿಕೊಂಡು, ಹಲ್ಲು ಕಚ್ಚಿಕೊಂಡು ಕೆಸರಿನಲ್ಲಿ ಬಿದ್ದಿದ್ದವಳು ನನ್ನನ್ನು ನೋಡಿ ಹೇಳಿದ್ದು ಒಂದೇ ಮಾತು: “ನನ್ನ ಬಿಡು, ಮೊದಲು ಅದನ್ನ ಎಳಿ.”

ನಾನು ಎಳೆದೆ. ಅಳುತ್ತ, ಅವಳನ್ನು ಬೈಯುತ್ತ ಎಳೆದೆ.

ಆಪರೇಷನ್ ಆಯಿತು, ಒಳಗೆ ರಾಡು ಹಾಕಿದರು. ಮೂಟೆಗಳನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಪಕ್ಕದ ಮನೆಗೆ ಹೋಗಿ ಹೇಳಿದೆ. ಹೆಂಡತಿ ಸಕ್ಕರೆಯ ಬಾಯಿಂದ, “ನಿಮಗ್ಯಾಕೆ ತೊಂದರೆ, ನಾವೇ ಏನಾದ್ರೂ ಮಾಡ್ತೀವಿ ಬಿಡಿ,” ಎಂದಳು. ಏನು ಮಾಡಿದರು ಎಂಬುದು ಕಿಟಕಿಯಿಂದ ಕಂಡಿತು. ಗಂಡ ಹೆಂಡತಿ ಇಬ್ಬರೂ ಸೇರಿ ಮೂಟೆಗಳನ್ನು ಒಂದೊಂದಾಗಿ ಹಿಂಬಾಗಿಲಿಂದ ಒಳಗೆ ಸಾಗಿಸಿದರು. ಮಂಚವನ್ನು ಕಳಚಿ ಗೋಡೆಗೆ ಒರಗಿಸಿದರು. ಬಿಳಿ ಪರದೆಯನ್ನು ಒಗೆದು ಮಡಿಸಿ ಇಟ್ಟರಂತೆ, ಅಚ್ಚುಕಟ್ಟಿನವಳಲ್ಲವೇ.

ನಾನು ಆಸ್ಪತ್ರೆಗೆ ಹೋದಾಗ ತಮ್ಮ ಅಲ್ಲೇ ಕೂತು ಹಣ್ಣು ಹೆಚ್ಚುತ್ತಿದ್ದ. ಅಕ್ಕ ತಾನೇ ಹಿಂದೊಮ್ಮೆ ಒಗೆಯುತ್ತಿದ್ದಂಥ ಚಾದರದ ಮೇಲೆ ಮಲಗಿದ್ದಳು. ಸೊಂಟದ ನೋವಿನ ಮಾತಿಲ್ಲ, ಡಾಕ್ಟರ ಮಾತಿಲ್ಲ.

“ಗುಳಿಗೆ ಹೇಗಿದೆಯೋ?” ಎಂದು ಅವನನ್ನು ಕೇಳಿದಳು.

“ಒಂದು ಹನಿನೂ ಬಿದ್ದಿಲ್ಲಕ್ಕ,” ಎಂದ ಅವನು, ಹಣ್ಣಿನ ಮೇಲಿಂದ ಕಣ್ಣೆತ್ತದೆ.

ಅವಳ ಮುಖ ಅರಳಿತು. “ನಾನಿಲ್ಲದೇನೂ ಕಲಿತ್ಕೊಂಡ್ರಲ್ಲ,” ಎಂದು ನನ್ನ ಕಡೆ ತಿರುಗಿ ಹೆಮ್ಮೆಪಟ್ಟಳು. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಹೊರಗೆ ಕಾರಿಡಾರಿನಲ್ಲಿ ಅವನನ್ನು ಹಿಡಿದೆ. “ಏನ್ರೀ, ಹನಿ ಬಿದ್ದಿಲ್ಲ ಅಂದ್ರಲ್ಲ, ಮಂಚ ಎಲ್ಲಿದೆ ಅಂತಲೂ ಹೇಳಿ ಅವರಿಗೆ.”

“ಮೆಲ್ಲಗೆ ಮಾತಾಡಿ. ಮನಸ್ಸಿಗೆ ಹಚ್ಕೋತಾಳೆ. ಅವಳು ಬರೋದ್ರೊಳಗೆ ಮೂಟೆ ತೆಗೆದುಹಾಕ್ತೀನಿ.”

“ಹೂಂ, ತೆಗೀತೀರಿ. ನೋಡ್ತೀನಿ.”

ನೋಡಿದೆ. ಅಕ್ಕ ವಾಕರ್ ಹಿಡಿದುಕೊಂಡು ಮನೆಗೆ ಬಂದ ದಿನ ನಾನೂ ಜೊತೆಗಿದ್ದೆ. ಹಾಲಿನಲ್ಲಿ, ಒಲೆಯ ಪಕ್ಕ ಮಂಚ ಸಿದ್ಧವಾಗಿತ್ತು, ಹೊಸ ದಿಂಬು ಕೂಡ. “ಇಲ್ಲೇ ಇರಿ ಅತ್ತಿಗೆ, ಟಿವಿ ನೋಡ್ಕೊಂಡು ಆರಾಮಾಗಿ,” ಎಂದಳು ಹೆಂಡತಿ. ಅಕ್ಕ ವಾಕರನ್ನು ಒಂದೊಂದೇ ಹೆಜ್ಜೆ ಮುಂದಿಡುತ್ತ ಹಿಂಬಾಗಿಲ ಕಡೆಗೆ ಹೋದಳು. ಯಾರೂ ತಡೆಯಲಿಲ್ಲ. ಕೋಣೆಯ ಬಾಗಿಲು ತಳ್ಳಿದಳು, ಅದು ಅರ್ಧಕ್ಕೆ ನಿಂತಿತು. ಒಳಗೆ ನೆಲದಿಂದ ಕಿಟಕಿಯ ಮೇಲ್ಪಟ್ಟಿಯವರೆಗೆ ಮೂಟೆಗಳು. ಅವಳ ಕೋಟು ಇನ್ನೂ ಗೂಟದಲ್ಲೇ ಇತ್ತು, ಮೂಟೆಗಳ ನಡುವೆ ಅದರ ಕೊರಳಪಟ್ಟಿ ಮಾತ್ರ ಕಾಣುತ್ತಿತ್ತು.

ಅವಳು ಕೈ ಚಾಚಿ, ಹತ್ತಿರದ ಬಿಚ್ಚಿದ ಮೂಟೆಯಿಂದ ಒಂದು ಗುಳಿಗೆ ತೆಗೆದು ಕಿವಿಯ ಬಳಿ ಮುರಿದಳು. ಟಕ್ ಎಂದಿತು.

“ಚೆನ್ನಾಗಿ ಒಣಗಿದೆ,” ಎಂದಳು.

“ಈ ಚಳಿಗಾಲ ಒಂದು ಕಳೀಲಿ ಅಕ್ಕ,” ಎಂದ ತಮ್ಮ ಹಿಂದಿನಿಂದ. “ಮೂಟೆ ಖಾಲಿಯಾದ ಮೇಲೆ ಕೋಣೆ ನಿಂದೇ ಅಲ್ವಾ?”

ಅವನು ಆ ಮಾತನ್ನು ಮೂಗಿಗೆ ತುಪ್ಪ ಸವರುವ ಹಾಗೆ ಹೇಳಿದ್ದ. ಅಕ್ಕ ಅದನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಳು. ಖಾಲಿಯಾದ ಮೇಲೆ ಅಂದನಲ್ಲ, ಖಾಲಿ ಮಾಡುತ್ತೇನೆ ಎಂದು ಹೊರಟಳು. ಹಾಲಿನಲ್ಲಿ ಒಲೆಯ ಪಕ್ಕವೇ ಮಂಚ ಹಾಕಿದ್ದು ಅವರ ತಪ್ಪು. ಒಲೆಯ ಕಾವು ಏರಿಸುವ ಗುಂಡಿ ಅವಳ ಕೈಗೆ ಎಟುಕುತ್ತಿತ್ತು. ಆ ಚಳಿಗಾಲ ಆ ಮನೆ ಕುಲುಮೆಯಾಯಿತು. ನನ್ನ ಕಿಟಕಿಯಿಂದ ನೋಡಿದರೆ ಹೊರಗೆ ಹಿಮ, ಅವರ ಮನೆಯ ಕಿಟಕಿಗಳೆಲ್ಲ ಹಾರುಹೊಡೆದಿವೆ, ಪ್ಯಾಕಿಂಗಪ್ಪ ಬನಿಯನ್ನಿನಲ್ಲಿ ಓಡಾಡುತ್ತಿದ್ದಾನೆ.

“ಅತ್ತಿಗೆ, ಸ್ವಲ್ಪ ಕಡಿಮೆ ಇಡಬಹುದಾ? ಬೆಂದು ಹೋಗ್ತಿದ್ದೀವಿ.”

“ಮೂಳೆಗೆ ಕಾವು ಬೇಕು ಅಂದಿದ್ದಾರಮ್ಮ ಡಾಕ್ಟರು.”

ಡಾಕ್ಟರು ಹಾಗೇನೂ ಅಂದಿರಲಿಲ್ಲ. ನಾನು ನೋಡಲು ಹೋದಾಗಲೆಲ್ಲ ಅವಳು ನನ್ನ ಕಿವಿಯಲ್ಲಿ ಕೋಣೆಯ ವರದಿ ಕೊಡುವಳು. ಕಿಟಕಿಯ ಮೇಲ್ಭಾಗ ಕಾಣಿಸಿತು. ಗೂಟ ತೆರವಾಯಿತು, ಕೋಟು ಸಿಕ್ಕಿತು. ಇವತ್ತು ಆ ಕಡೆಯ ಗೋಡೆಯ ಸುಣ್ಣ ಕಂಡಿತು. ಹೇಳುವಾಗ ಅವಳ ಕಣ್ಣಲ್ಲಿ ತುಂಟತನ. ನಾವಿಬ್ಬರೂ ಬಾಯಿಗೆ ಸೆರಗಿಟ್ಟು ನಕ್ಕದ್ದೇ ನಕ್ಕದ್ದು. ಆ ಮನೆಯಲ್ಲಿ ಅವಳು ಅಷ್ಟು ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಚಳಿ ಇನ್ನೂ ಬಾಕಿಯಿರುವಾಗಲೇ ಕೋಣೆ ಖಾಲಿಯಾಯಿತು. ಅಕ್ಕ ವಾಕರಿಗೆ ಪೊರಕೆ ಕಟ್ಟಿಕೊಂಡು ಹೋಗಿ ತಾನೇ ಗುಡಿಸಿದಳು. ಬಿಳಿ ಪರದೆ ಹುಡುಕಿ ತೆಗೆದು, ಮಂಚದ ಮೇಲೆ ಕೂತೇ ಇಸ್ತ್ರಿ ಮಾಡಿದಳು. ಸಂಜೆ ತಮ್ಮ ಬಂದ ಮೇಲೆ ಮಂಚ ಒಳಗೆ ಹಾಕಿಸುವುದೆಂದು ಕಾದಳು.

ಸಂಜೆ ತಮ್ಮ ಬಂದ. ಅವನ ಹಿಂದೆ ಲಾರಿ ಬಂತು. ಗುಳಿಗೆ ಮುಗಿದು ಮನೆ ತಣ್ಣಗಾಗುತ್ತದೆಂದು ಅವನು ಗೋದಾಮಿನಿಂದಲೇ ಫೋನ್ ಮಾಡಿ ತರಿಸಿದ್ದ. ಈ ಸಲ ಮುಂದಿನ ಚಳಿಗಾಲಕ್ಕೂ ಸೇರಿಸಿಯೇ ತರಿಸಿದ್ದ, ಅಕ್ಕನಿಗೆ ಕಾವು ಜಾಸ್ತಿ ಬೇಕಲ್ಲ. ಗುಡಿಸಿದ ಕೋಣೆ ನೋಡಿ, “ಅರೆ, ರೆಡಿ ಮಾಡಿಟ್ಟಿದ್ದೀಯ,” ಎಂದು ಸಂತೋಷಪಟ್ಟ. ಅವನು ಚುಚ್ಚಿ ಆಡಿದ ಮಾತಲ್ಲ ಅದು, ನಿಜವಾಗಿಯೂ ಸಂತೋಷಪಟ್ಟ. ಅದಕ್ಕೇ ನಾನು ಅವನನ್ನು ಕ್ಷಮಿಸುವುದಿಲ್ಲ.

“ಹೊರಗೆ ಹಾಕೋ,” ಎಂದಳು ಅಕ್ಕ. “ನಾನು ನೋಡ್ಕೋತೀನಿ.”

“ಈ ಸೊಂಟ ಇಟ್ಕೊಂಡು ಹತ್ತಿ ಇಳೀತೀಯಾ? ನಿನ್ನ ಒಳ್ಳೇದಕ್ಕೇ ಅಕ್ಕ ಹೇಳೋದು. ಇನ್ನು ನಿಂಗೆ ಆ ಚಿಂತೆನೇ ಬೇಡ.”

ಲಾರಿಯವರು ಮೂಟೆ ಹೊತ್ತು ಒಳಗೆ ನಡೆದರು. ಬಾಗಿಲಲ್ಲಿ ವಾಕರ್ ಅಡ್ಡವಾಗಿದೆ ಎಂದು ಅದನ್ನು ಯಾರೋ ಮೆಲ್ಲಗೆ, ಅವಳ ಸಮೇತ, ಪಕ್ಕಕ್ಕೆ ಸರಿಸಿದರು.

ಚಳಿ ಇಳಿದ ಮೇಲೆ ಹಾಲಿನ ಮಂಚವೂ ಕಣ್ಣಿಗೆ ಚುಚ್ಚತೊಡಗಿತು. ಬಂದವರು ಎಲ್ಲಿ ಕೂರಬೇಕು? ಹಿಂದಿನ ವರಾಂಡದಲ್ಲಿ ಗಾಳಿ ಬೆಳಕು ಚೆನ್ನಾಗಿದೆ ಎಂದು ಹೆಂಡತಿಗೆ ಹೊಳೆಯಿತು. ಮೇಲೆ ಸೂರಿದೆ, ಎರಡು ಕಡೆ ಗೋಡೆಯಿದೆ, ಅಗಲ ಸರಿಯಾಗಿ ಒಂದು ಮಂಚದಷ್ಟು, ಹಿತ್ತಲ ಕಡೆ ಮಾತ್ರ ಬಯಲು. ನೆಲ ತೇವ ಎಂದು ತಮ್ಮ ಆ ಹಳೆಯ ಮರದ ಚೌಕಟ್ಟುಗಳನ್ನೇ ತಂದು ಇಟ್ಟಿಗೆಯ ಮೇಲೆ ಕೂರಿಸಿ, ಅದರ ಮೇಲೆ ಅಕ್ಕನ ಹಾಸಿಗೆ ಹಾಸಿದ. ಆಮೇಲೆ ಗೋಡೆಯ ಹತ್ತಿರ ಬಂದು, ಟಾರ್ಪಾಲಿನ ಸುರುಳಿ ನನ್ನ ಕಡೆ ಚಾಚಿ, ಬಯಲು ಕಡೆಗೆ ಪರದೆ ಹೊಲಿದುಕೊಡಿ ಎಂದು ಕೇಳಿದ.

ಮುಖಕ್ಕೆ ಎಸೆಯಬೇಕೆಂದಿದ್ದೆ. ಅಕ್ಕನೇ ತಡೆದಳು. “ನೀನೇ ಹೊಲಿ ಟೈಲರಮ್ಮ. ಬೇರೆಯವರು ಹೊಲಿದ್ರೆ ಸೋರುತ್ತೆ.”

ಹೊಲಿದೆ. ಕಟ್ಟಲು ಹೋದಾಗ ಅವಳು ಮಲಗಿದಲ್ಲಿಂದಲೇ ನೋಡುತ್ತಿದ್ದಳು. ನಾನು ಕೆಳ ಅಂಚನ್ನು ನೆಲಕ್ಕೆ ಎಳೆದು ಬಿಗಿಯಹೊರಟೆ.

“ಒಂದು ಗೇಣು ಬಿಡು,” ಎಂದಳು. “ಬಿಗಿಯಾಗಿ ಕಟ್ಟಬೇಡ.”

ನನಗೆ ಹಗ್ಗ ಕಾಣದಷ್ಟು ಕಣ್ಣು ತುಂಬಿತ್ತು. ಅವಳು ಅಳಲಿಲ್ಲ.

ಮೊದಲ ಮಳೆ ಒಂದು ಸಂಜೆ ಬಂತು, ಗಾಳಿಯ ಸಮೇತ. ನಾನು ಯಂತ್ರ ನಿಲ್ಲಿಸಿ ಕಿಟಕಿಗೆ ಬಂದೆ. ಟಾರ್ಪಾಲು ಬಡಿದುಕೊಳ್ಳುತ್ತಿತ್ತು, ಕೆಳಗಿನಿಂದ ಎರಚಲು ಒಳಗೆ ಹೊಡೆಯುತ್ತಿತ್ತು. ಹಿಂಬಾಗಿಲು ಧಡಾರನೆ ತೆರೆದು ತಮ್ಮ ಓಡಿ ಬಂದ. ದೇವರೇ, ಇಷ್ಟಾದರೂ ಬುದ್ಧಿ ಬಂತಲ್ಲ ಎಂದುಕೊಂಡೆ. ಅವನು ಅಕ್ಕನ ಹಾಸಿಗೆಯನ್ನು ದಾಟಿ ಹಿತ್ತಲಿಗೆ ಇಳಿದು, ಮೂಟೆಗಳಿರುವ ಕೋಣೆಯ ಕಿಟಕಿಯನ್ನು ಹೊರಗಿನಿಂದ ಒತ್ತಿ ಮುಚ್ಚಿ, ಜೇಬಿನಿಂದ ಟೇಪು ತೆಗೆದು ಸಂದಿಗಳಿಗೆ ಬಿಗಿಯತೊಡಗಿದ.

“ಪೂರ್ತಿ ಮುಚ್ಚಬೇಡ್ವೋ,” ಎಂದು ಟಾರ್ಪಾಲಿನ ಹಿಂದಿನಿಂದ ಅಕ್ಕನ ದನಿ ಬಂತು. “ಒಳಗೆ ಬೆವರುತ್ತೆ.”

“ಆಯ್ತಕ್ಕ,” ಎಂದು ಅವನು ಟೇಪು ಕಿತ್ತು, ಕಿಟಕಿಯನ್ನು ಬೆರಳಷ್ಟು ತೆರೆದಿಟ್ಟು, ಅವಳ ಹಾಸಿಗೆಯನ್ನು ಮತ್ತೆ ದಾಟಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಗುಳಿಗೆ ಒಣಗಿರಿಸುವ ವಿಷಯದಲ್ಲಿ ಅವನು ಅಕ್ಕನ ಮಾತು ಮೀರಿದವನಲ್ಲ.